ಬೋರಲು ಹಾಕಿದ ಹರಿಗೋಲು

"ಗುರುಗಳೇ, ನಮ್ಮ ಮೇಲೆ ಕೇಸು ಹಾಕಿದ ಊರಿಗೂ ನಾವು ಬಸ್ಸು ನಿಲ್ಲಿಸಬೇಕೆ?" ಎಂದು ಶಂಭುಲಿಂಗ ಕೇಳಿದ.

ಅವನು ಒಂದು ಬಸ್ ಕಂಪನಿಯ ಯಜಮಾನ. ಆ ದಾರಿಯಲ್ಲಿ ಬಸ್ಸು ಓಡಿಸಲು ಪರವಾನಗಿ ಇದ್ದುದು ಅವನ ಕಂಪನಿಯೊಂದಕ್ಕೇ. ಅದನ್ನು ರದ್ದು ಮಾಡಬೇಕೆಂದು ಒಂದು ಊರಿನವರು ನ್ಯಾಯಾಲಯಕ್ಕೆ ಹೋಗಿದ್ದರು. ಅಂದಿನಿಂದ ಅವನ ಬಸ್ಸುಗಳು ಆ ಊರಿನಲ್ಲಿ ನಿಲ್ಲದೆ ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಕೇಳಿದವರಿಗೆ, ಅಲ್ಲಿ ರಸ್ತೆ ಕೆಟ್ಟಿದೆ ಎಂಬ ಉತ್ತರ ಸಿದ್ಧವಾಗಿತ್ತು.

"ಹಕ್ಕು ನಮ್ಮದು ತಾನೆ?" ಎಂದೂ ಸೇರಿಸಿದ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ದೊಡ್ಡ ಹೊಳೆ. ಜನ ಅದನ್ನು ದಾಟುವ ಕಡವಿನಲ್ಲಿ ಹರಿಗೋಲು ಹಾಕುವ ಅಂಬಿಗರ ಕೂಟವೊಂದಿತ್ತು. ಅರಸ ಅವರಿಗೆ ತಾಮ್ರಶಾಸನ ಬರೆಸಿಕೊಟ್ಟಿದ್ದ. ಅದರಲ್ಲಿ ಇದ್ದದ್ದು ಮೂರೇ ಮಾತು. ಈ ಕಡವಿನಲ್ಲಿ ಬೇರೆಯವರು ಹರಿಗೋಲು ಹಾಕಬಾರದು. ದಡಕ್ಕೆ ಬಂದವರು ಯಾರೇ ಆಗಲಿ, ದಾಟಿಸಬೇಕು. ಹೊಳೆ ಕೆಟ್ಟಾಗ ದಾಟಿಸುವುದಿಲ್ಲ ಎನ್ನುವ ಅಧಿಕಾರ ಅಂಬಿಗರದು.

ಆ ಮೂರನೆಯ ಮಾತಿಗೆ ಒಂದು ಪದ್ಧತಿಯಿತ್ತು. ಹೊಳೆ ಏರಿತೆಂದರೆ ಹರಿಗೋಲುಗಳನ್ನು ದಡಕ್ಕೆಳೆದು ಬೋರಲು ಹಾಕುತ್ತಿದ್ದರು. ಅದನ್ನು ಕಂಡ ಮೇಲೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಕುದುರೆಯೇರಿ ಬಂದ ದಂಡನಾಯಕನಿಗೂ ದಡವೇ ಗತಿ. ಅಂಬಿಗರ ಯಜಮಾನನಿಗೆ ಇದರ ಬಗ್ಗೆ ಬಹಳ ಹೆಮ್ಮೆ. ಹೆಮ್ಮೆ ಪಡಬೇಕಾದ ಸಂಗತಿಯೇ ಬಿಡು.

ಒಮ್ಮೆ ಹೀಗೆ ಬೋರಲು ಹಾಕಿದ್ದಾಗ ಒಬ್ಬ ವರ್ತಕ ನಾಲ್ಕು ದಿನ ಕಾಯಬೇಕಾಯಿತು. ಅವನ ವೀಳ್ಯದೆಲೆಯ ಹೊರೆಗಳೆಲ್ಲ ಕೊಳೆತವು. "ಅಂಬಿಗರು ಮನಸ್ಸು ಬಂದಾಗ ಕಡವು ಮುಚ್ಚುತ್ತಾರೆ. ಅದನ್ನು ಅವರಿಂದ ಕಿತ್ತು ನನಗೆ ಕೊಡಿ" ಎಂದು ಅರಸನಿಗೆ ದೂರು ಕೊಟ್ಟ. ವಿಚಾರಣೆಯ ದಿನ ನಿಗದಿಯಾಯಿತು. ಅರಮನೆ ಇದ್ದದ್ದು ಆಚೆ ದಡದಲ್ಲಿ. ದೂರು ಕೊಟ್ಟವನು ಆ ದಿನ ಬರದಿದ್ದರೆ ದೂರು ಬಿದ್ದುಹೋಗುವುದು ಆ ನಾಡಿನ ಕಟ್ಟಳೆ.

ಅಂದು ಬೆಳಿಗ್ಗೆ ಯಜಮಾನ ಅರಮನೆಗೆ ಹೊರಡಲು ಒಗೆದ ಪಂಚೆ ಉಟ್ಟು ಕಡವಿಗೆ ಬಂದ. ನೋಡಿದರೆ ಹರಿಗೋಲುಗಳೆಲ್ಲ ಬೋರಲು! ಅವನಿಗೆಂದು ಒಂದನ್ನು ಮಾತ್ರ ಪೊದೆಯ ಮರೆಯಲ್ಲಿ ಇಟ್ಟಿದ್ದರು. ಹೊಳೆಯಲ್ಲಿ ಮೊಣಕಾಲುದ್ದದ ಅಲೆಯೂ ಇರಲಿಲ್ಲ. ವರ್ತಕ ದಡದಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

ಅಂಬಿಗರು ಯಜಮಾನನನ್ನು ಸುತ್ತಿಕೊಂಡರು. "ಯಜಮಾನ್ರೇ, ಇವತ್ತೊಂದು ದಿನ ಕಣ್ಣು ಮುಚ್ಚಿಕೊಂಡುಬಿಡಿ. ಮನೆ ಮುರಿಯೋಕೆ ಬಂದವನಿಗೆ ಮಣೆ ಹಾಕ್ತಾರೇನು?" ಎಂದರು.

ಕಡವು ಹೋದರೆ ನಲವತ್ತು ಮನೆಗಳ ಒಲೆ ಆರುತ್ತದೆ. ಅವನ ಮನೆಯ ಒಲೆಯೂ ಅವುಗಳಲ್ಲಿ ಒಂದು. ಯಜಮಾನನಿಗೆ ಭಯವಾಯಿತು. ಆದರೆ ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಅವನ ಅಜ್ಜನ ಕಾಲದಿಂದ, ಹೊಳೆ ಏರದೆ ಒಂದೂ ಹರಿಗೋಲು ಹೀಗೆ ಬೋರಲು ಬಿದ್ದಿರಲಿಲ್ಲ.

"ಇವತ್ತು ಸುಳ್ಳಿಗೆ ಬೋರಲು ಹಾಕಿದಿರಿ. ನಾಳೆ ನಿಜವಾಗಿ ಹೊಳೆ ಬಂದಾಗ ನಮ್ಮನ್ನು ಯಾರು ನಂಬ್ತಾರೆ? ಶಾಸನದ ಮೊದಲನೇ ಮಾತಿನ ಅನ್ನ ಉಂಡು ಎರಡನೇ ಮಾತಿಗೆ ಬೆನ್ನು ತೋರಿಸೋಕೆ ನನ್ನಿಂದಾಗಲ್ಲ" ಎಂದ.

ತಾನೇ ಒಂದು ಹರಿಗೋಲನ್ನು ಎತ್ತಿ ನೀರಿಗಿಳಿಸಿದ. ಕೈ ಹಾಕಲು ಯಾರೂ ಬರಲಿಲ್ಲ. ಮೊದಲು ಬಂದು ಕಾದಿದ್ದ ಮೊಸರಿನವಳು ಮೊದಲು ಹತ್ತಿದಳು, ವರ್ತಕ ಆಮೇಲೆ. ಒಗೆದ ಪಂಚೆ ನೆನೆದು ಕೆಸರಾಯಿತು. ಅದನ್ನೇ ಉಟ್ಟುಕೊಂಡು ಯಜಮಾನ ಅರಸನ ಮುಂದೆ ನಿಂತ.

ವರ್ತಕ ತನ್ನ ದೂರು ಹೇಳಿದ. ಸಮಯ ನೋಡಿಕೊಂಡು, "ಇವತ್ತೂ ಬೋರಲು ಹಾಕಿದ್ದರು ಪ್ರಭು, ಹೊಳೆ ಸುಮ್ಮನಿದ್ದರೂ!" ಎಂದ.

ಅರಸ ಯಜಮಾನನ ಕಡೆ ತಿರುಗಿದ. ಅವನು, "ಹಾಕಿದ್ದು ನಿಜ ಪ್ರಭು. ತಪ್ಪು ನಮ್ಮದು" ಎಂದ. ಬೇರೊಂದು ಮಾತು ಸೇರಿಸಲಿಲ್ಲ.

"ಮತ್ತೆ ನೀನು ಹೇಗೆ ದಾಟಿದೆ?" ಎಂದು ಅರಸ ವರ್ತಕನನ್ನು ಕೇಳಿದ.

ವರ್ತಕನೂ ಸುಳ್ಳಾಡುವವನಲ್ಲ. "ಇವನೇ ಎತ್ತಿ ಹಾಕಿ ದಾಟಿಸಿದ. ನಾನು ಯಾಕೆ ಬರ್ತಿದ್ದೇನೆ ಅಂತಲೂ ಇವನಿಗೆ ಗೊತ್ತಿತ್ತು" ಎಂದು ತಲೆ ತಗ್ಗಿಸಿದ.

ಅರಸ ತೀರ್ಪು ಹೇಳಿದ. "ಕಡವು ಅಂಬಿಗರದೇ. ಸುಳ್ಳಿಗೆ ಬಿದ್ದ ಹರಿಗೋಲನ್ನು ತನ್ನ ಕೈಯಾರೆ ಎತ್ತಿದವನು ಇವನು. ಇವನು ಬೋರಲು ಹಾಕಿದ ದಿನ ನನ್ನ ಪಟ್ಟದ ಆನೆಯೂ ದಡದಲ್ಲಿ ನಿಂತು ಕಾಯಲಿ."

ಆ ಕೆಸರು ಪಂಚೆಯ ಅಂಬಿಗ ಅಂದು ಆಸ್ಥಾನದಲ್ಲಿ ಯಾರಿಗಿಂತಲೂ ಎತ್ತರವಾಗಿ ನಿಂತಿದ್ದ. ಸಂಜೆ ವರ್ತಕ ಅದೇ ಹರಿಗೋಲಿನಲ್ಲಿ ಊರಿಗೆ ಮರಳಿದ.

ಗುರುಗಳು ಕತೆ ಮುಗಿಸಿದರು. ಶಂಭುಲಿಂಗ, "ಆಗಲಿ, ನಾಳೆಯಿಂದ ಆ ಊರಿನಲ್ಲಿ ಬಸ್ಸು ನಿಲ್ಲಿಸುತ್ತೇನೆ" ಎಂದ.

"ವಿಚಾರಣೆಯ ದಿನ ಮಾತ್ರ ಬಸ್ಸು ಐದು ನಿಮಿಷ ಮೊದಲೇ ಹೋಗಿ, ಅವರು ಹತ್ತುವವರೆಗೂ ಕಾಯಲಿ" ಎಂದರು ಗುರುಗಳು.