ಹಲೀಮವ್ವನ ಕಿಂಡಿ

ಕೆಂಬಳಗಿಯ ಕೋಟೆಯೊಳಗಿನ ಶಾಲೆಯಲ್ಲಿ ಕಳೆದ ಜೂನ್ ತಿಂಗಳಲ್ಲಿ ಗಂಭೀರ ಘಟನೆಯೊಂದು ನಡೆಯಿತು. ಹೊಸದಾಗಿ ವರ್ಗವಾಗಿ ಬಂದ ಮಾಸ್ತರರು ಹಾಜರಿ ಪುಸ್ತಕ ತೆರೆದು ‘ಹಲೀಮಾ’ ಎಂದು ಕೂಗಿದಾಗ ಒಂಬತ್ತು ಹುಡುಗಿಯರು ಒಟ್ಟಿಗೆ ಎದ್ದು ನಿಂತರು. ಬಾಗವಾನರ ಹಲೀಮಾ, ಕುಂಬಾರರ ಹಲೀಮಾ, ಹೂಗಾರರ ಹಲೀಮವ್ವ, ಹೀಗೆ. ಮಾಸ್ತರರು ಒಂದು ಲೋಟ ನೀರು ಕುಡಿದು, ಇವರಿಗೆ ನಂಬರು ಕೊಡಬಹುದೇ ಎಂದು ಊರ ಹಿರಿಯರನ್ನು ವಿಚಾರಿಸಿದರು. ಹಿರಿಯರು ಅವರನ್ನು ಶಾಲೆಯ ಹಿಂದಿನ ಕೋಟೆಗೋಡೆಯ ಬಳಿಗೆ ಕರೆದೊಯ್ದರು. ಅಲ್ಲಿ ಒಂದೂವರೆ ಮೊಳ ಎತ್ತರದ ಒಂದು ಕಿಂಡಿಯಿದೆ. ತಲೆ ತಗ್ಗಿಸದೆ ಅದರಲ್ಲಿ ಯಾರೂ ದಾಟಲಾರರು. ಅದರ ಹೆಸರು ಹಲೀಮವ್ವನ ಕಿಂಡಿ.

ಹಿಂದೆ ಒಮ್ಮೆ, ಈ ಕೋಟೆಗೆ ಒಬ್ಬ ಕಿಲ್ಲೇದಾರನಿದ್ದ ಕಾಲದಲ್ಲಿ, ಹಲೀಮಾ ಎಂಬ ಸೂಲಗಿತ್ತಿ ಇಲ್ಲಿದ್ದಳು ಎನ್ನುತ್ತಾರೆ. ಹಲೀಮಾ ಎಂಬುದು ಅರಬ್ಬಿ ಮಾತು. ಸಿಟ್ಟಿಗೆ ಕಾರಣವಿದ್ದರೂ ತಾಳಿಕೊಳ್ಳುವವಳು ಎಂದು ಅದರ ಅರ್ಥ. ಪ್ರವಾದಿಯವರಿಗೆ ಎದೆಹಾಲುಣಿಸಿದ ಸಾಕುತಾಯಿಯ ಹೆಸರೂ ಅದೇ ಆದ್ದರಿಂದ ಅವಳ ಅಪ್ಪ ಬಹಳ ಆಸೆಯಿಂದ ಇಟ್ಟಿದ್ದ. ಮಡಕೆ ಸುಡುವ ಆವಿಗೆಯ ಹೊಗೆ ಕಿಲ್ಲೇದಾರನ ಮೂಗಿಗೆ ಆಗಿಬರದ ಕಾರಣ ಕುಂಬಾರ ಓಣಿ ಗೋಡೆಯ ಹೊರಗಿತ್ತು. ಅಲ್ಲಿಗೆ ಹೋಗಲು ಇದ್ದದ್ದು ಒಂದೇ ಬಾಗಿಲು, ದೊಡ್ಡ ಅಗಸಿ. ಕಿಲ್ಲೇದಾರನು ಮಧ್ಯಾಹ್ನ ಉಂಡಮೇಲೆ ಅಗಸಿ ಹಾಕಿಸಿ, ಕೀಲಿಯನ್ನು ತಲೆದಿಂಬಿನ ಕೆಳಗಿಟ್ಟು ಮಲಗುತ್ತಿದ್ದ. ಶತ್ರುಗಳು ಆ ಹೊತ್ತಿನಲ್ಲೇ ಬರುತ್ತಾರೆಂದು ಅವನ ನಂಬಿಕೆ. ಒಂದು ದಿನ ಆ ಹೊತ್ತಿನಲ್ಲಿ ಬಂದದ್ದು ಕುಂಬಾರ ಮಲ್ಕವ್ವನ ಹೆರಿಗೆ ನೋವು.

“ನಿಂಗೋಜಿ, ಅಗಸಿ ತೆಗಿಯೋ” ಎಂದಳು ಹಲೀಮಾ.

“ಕೀಲಿ ಧಣೇರ ದಿಂಬಿನ ಬುಡಕ ಐತಬೇ. ಎಬ್ಬಿಸಿದ್ರ ನನ್ನ ತಲಿ ಉಳಿಯೂದಿಲ್ಲ” ಎಂದ ಕಾವಲುಗಾರ.

“ಹಂಗಾದ್ರ ನೀನ ಹೋಗಿ, ಧಣೇರು ಏಳೂತನಾ ಒಳಗ ಇರು ಅಂತ ಕೂಸಿಗೆ ಹೇಳಿ ಬಾ.”

ಹೆಸರಿಗೆ ತಕ್ಕಂತೆ ಹಲೀಮಾ ತಾಳಿಕೊಂಡಳು. ನೆರಳು ಒಂದು ಗೇಣು ಸರಿಯುವವರೆಗೆ. ಆಮೇಲೆ ಹಾರೆ ತಂದು, ಗೋಡೆಯ ಗಾರೆ ಸಡಿಲಾಗಿದ್ದ ಕಡೆ ನಾಲ್ಕು ಕಲ್ಲು ಕಿತ್ತು, ತೆವಳಿಕೊಂಡು ಹೊರಬಿದ್ದಳು. ಕೂಸು ಹೆಣ್ಣು, ತಾಯಿ ಮಗಳಿಬ್ಬರೂ ಉಳಿದರು. ಎಚ್ಚೆತ್ತ ಕಿಲ್ಲೇದಾರನು ಕಿಂಡಿಯನ್ನು ಕಲ್ಲು, ಗಾರೆ ಹಾಕಿಸಿ ಮುಚ್ಚಿಸಿದ. ಹಲೀಮಾ ಇನ್ನು ಕೋಟೆಯೊಳಗೆ ಕಾಲಿಡಕೂಡದೆಂದ. ಅಷ್ಟಕ್ಕೇ ಸಮಾಧಾನವಾಗದೆ, ಅವಳ ಹೆಸರೆತ್ತಿದವರು ಬೆನ್ನ ಮೇಲೆ ಕಲ್ಲು ಹೊತ್ತು ದಿನವಿಡೀ ತನ್ನ ಚಾವಡಿಯ ಮುಂದೆ ಬಿಸಿಲಲ್ಲಿ ಬಗ್ಗಿ ನಿಲ್ಲಬೇಕೆಂದು ಡಂಗುರ ಹೊಡೆಸಿದ. ಡಂಗುರದವನು ನಿಂಗೋಜಿಯೇ. ಗೋಡೆಯಾಚೆಯಿಂದ ಹಲೀಮಾ, “ನನ್ನ ಹೆಸರು ಏಳು ಸಲ ಅಂದಿ ನೋಡಪಾ, ಮೊದಲ ಕಲ್ಲು ನಿನಗ” ಎಂದು ಕೂಗಿದಳು. ನಗುತ್ತಲೇ ಕೂಗಿದಳಾದರೂ, ಮರುದಿನ ಬಾವಿಕಟ್ಟೆಯಲ್ಲಿ ಹೆಂಗಸರು ಅವಳನ್ನು ‘ಇಕಿನ’, ‘ಏ ಇವಳ’ ಎಂದು ಕರೆದಾಗ ಕೊಡ ಎತ್ತಲು ಅವಳಿಗೆ ಕೈ ಬರಲಿಲ್ಲ. ಅರ್ಧ ಊರಿನ ಮೊದಲ ಅಳು ಕೇಳಿದವಳು ಅವಳು; ಅವಳ ಹೆಸರು ಮಾತ್ರ ಇನ್ನು ಯಾರ ಬಾಯಲ್ಲೂ ಇರಲಿಲ್ಲ.

ಹದಿಮೂರನೆಯ ದಿನ ಮಲ್ಕವ್ವನ ಕೂಸಿಗೆ ತೊಟ್ಟಿಲು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಉಸುರಿದಳು. ಪದ್ಧತಿಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದರು. ಯಾವ ಹೆಸರೆಂದು ಕೇಳಿದಾಗ ಮಲ್ಕವ್ವ ಕೋಟೆಗೋಡೆಗೆ ಮುಖ ಮಾಡಿ ಗಟ್ಟಿಯಾಗಿ ಹೇಳಿದಳು: “ಹಲೀಮಾ.”

“ಬ್ಯಾಡ ನನ ತಂಗಿ, ಬಿಸಿಲಾಗ ನಿಲ್ಲಸ್ತಾರ” ಎಂದಳು ಸೂಲಗಿತ್ತಿ.

“ಆವಿಗಿ ಮುಂದ ನಿಂತಾಕಿಗೆ ಬಿಸಿಲಿನ ಹೆದರಿಕಿ ಏನಬೇ?”

ಮಲ್ಕವ್ವ ಕಲ್ಲು ಹೊತ್ತು ನಿಂತಳು. ಮರುದಿನ ಮಗಳನ್ನು ಕರೆದಳು, ಮತ್ತೆ ನಿಂತಳು. ಕೋಟೆಯೊಳಗಿನ ಬಸುರಿಯರು ಅಗಸಿ ತೆರೆದಿರುವಾಗಲೇ ಹೊರಬಂದು, ಹಲೀಮಾಳ ಕೈಯಲ್ಲಿ ಹೆತ್ತು, ಮಗಳಿಗೆ ಅದೇ ಹೆಸರಿಟ್ಟು ಒಳಗೆ ಹೋಗತೊಡಗಿದರು. ಅಂಥ ಕೂಸುಗಳು ಆ ವರ್ಷ ನಲವತ್ತೊಂದು ಎನ್ನುತ್ತಾರೆ. ಹಾಲು ಕುಡಿಸಲು ಕರೆದರೂ ಅಪರಾಧ, ಅಳಬೇಡವೆಂದು ರಮಿಸಿದರೂ ಅಪರಾಧ. ಕೊನೆಗೆ ನಿಂಗೋಜಿಯ ಹೆಂಡತಿಯೂ ಹೆತ್ತಳು. ಕಿಲ್ಲೇದಾರನು ಅವನನ್ನು ಕರೆಸಿ, “ನಿನ್ನ ಮಗಳ ಹೆಸರೇನು?” ಎಂದು ಕೇಳಿದ. ನಿಂಗೋಜಿ ರುಮಾಲು ಬಿಚ್ಚಿಟ್ಟ. “ಹಲೀಮಾ ಅಂತರಿ, ಧಣಿ” ಎಂದು ತಾನೇ ಹೋಗಿ ಒಂದು ಕಲ್ಲು ಎತ್ತಿಕೊಂಡು ಬಿಸಿಲಲ್ಲಿ ಬಗ್ಗಿ ನಿಂತ. ಅದನ್ನು ಕಂಡವರು ಒಬ್ಬೊಬ್ಬರೇ ಬಂದು ಹೆಸರು ಹೇಳಿ ಅವನ ಹಿಂದೆ ನಿಂತರು. ಕಲ್ಲುಗಳು ಮುಗಿದವು. ಉಳಿದವರು ಸುಮ್ಮನೆ ಮನೆಗೆ ಹೋಗಬಹುದಿತ್ತು. ಅವರು ಹೋಗಿ ಕಿಂಡಿಗೆ ತುಂಬಿದ್ದ ಕಲ್ಲುಗಳನ್ನು ಕಿತ್ತು ತಂದರು. ಸಂಜೆಯವರೆಗೆ ಹೊತ್ತು, ಶಿಕ್ಷೆ ಮುಗಿದಾಗ ನಿಂತ ನಿಂತಲ್ಲೇ ಇಳಿಸಿದರು. ಹಲೀಮಾ ತೆರೆದ ಕಿಂಡಿಯಿಂದ ತೆವಳಿ ಒಳಬಂದು, ಎದ್ದು ಸೀರೆ ಕೊಡವಿಕೊಂಡಳು. ಆ ಬೀದಿಯಲ್ಲಿದ್ದವರೆಲ್ಲ ಅವಳನ್ನು ಹೆಸರು ಹಿಡಿದು ಕರೆದರು. ಕಿಲ್ಲೇದಾರನು ಕಿಟಕಿ ಹಾಕಿಕೊಂಡ.

ಆ ಕಲ್ಲುಗಳು ಹಾಳುಬಿದ್ದ ಚಾವಡಿಯ ಮುಂದೆ ಈಗಲೂ ಸಾಲಾಗಿ ಬಿದ್ದಿವೆ. ನೋಡಬಂದವರು ಅವುಗಳ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಾರೆ. ಬಾಣಂತಿಯರು ತೊಟ್ಟಿಲಿಗೆ ಮುಂಚೆ ಕೂಸನ್ನು ಕಿಂಡಿಯಲ್ಲಿ ಒಮ್ಮೆ ದಾಟಿಸುತ್ತಾರೆ. ಕಿಲ್ಲೇದಾರನ ಹೆಸರು ಏನೆಂದು ಮಾಸ್ತರರು ಕೇಳಿದರು. ಹಿರಿಯರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹುಡುಗಿಯರಿಗೆ ನಂಬರು ಕೊಟ್ಟಿಲ್ಲ. ಈ ವರ್ಷ ಒಂದನೆಯ ತರಗತಿಗೆ ಇನ್ನಿಬ್ಬರು ಹಲೀಮಾ ಸೇರಿದ್ದಾರೆ.