ಹೇಳಿದಂತೆ ಕೇಳುವ ದೇವೀರಮ್ಮ

ಕಪಿಲಾ ಹೊಳೆಯ ದಂಡೆಯಲ್ಲಿ ಒಂದು ಮಠ. ಮಠ ಎಂದರೆ ದೊಡ್ಡದೇನಲ್ಲ. ಒಂದು ಹಜಾರ, ಒಂದು ಅಡುಗೆಮನೆ, ಹಿತ್ತಲಲ್ಲಿ ಒಂದು ಹಸು. ಅಲ್ಲಿದ್ದ ವಯಸ್ಸಾದ ಗುರುಗಳನ್ನು ಎಲ್ಲರೂ ‘ಬುದ್ಧಿ’ ಎನ್ನುತ್ತಿದ್ದರು. ಆ ಸೀಮೆಯಲ್ಲಿ ಮಠದವರನ್ನು ಕರೆಯುವುದೇ ಹಾಗೆ.

ಹೊಳೆ ದಾಟುವವರು ಹರಿಗೋಲಿಗೆ ಕಾಯುವ ಕಡೆ ಗುರುಮಲ್ಲ ಮತ್ತು ಅವನ ಹೆಂಡತಿ ದೇವೀರಮ್ಮ ಇಡ್ಲಿ ಹೋಟೆಲು ಇಟ್ಟುಕೊಂಡಿದ್ದರು. ಗುರುಮಲ್ಲನದು ಕೈ ಓಡುತ್ತಿತ್ತು, ದೇವೀರಮ್ಮನದು ಬಾಯಿ ಓಡುತ್ತಿತ್ತು.

ಗಂಡನ ಅಡುಗೆ ಚೆನ್ನಾಗಿದೆ ಎಂದು ಆಯಮ್ಮ ಒಂದು ದಿನವೂ ಒಪ್ಪಿದವಳಲ್ಲ. ಬುದ್ಧಿಯವರನ್ನೂ ಬಿಟ್ಟವಳಲ್ಲ. ದಿನಾ ಬೆಳಿಗ್ಗೆ ಮಠಕ್ಕೆ ಮಜ್ಜಿಗೆ ತರುವಳು. ತಂದಿಟ್ಟು ಸುಮ್ಮನೆ ಹೋಗಬಹುದಲ್ಲ, ಅದಿಲ್ಲ. ನಿನ್ನೆಯ ಪ್ರವಚನ ಎಳೆದದ್ದು ಅತಿಯಾಯಿತು, ಹೆಂಗಸರೆಲ್ಲ ತೂಕಡಿಸುತ್ತಿದ್ದರು ಎಂದು ಮುಖಕ್ಕೇ ಹೇಳಿ ಹೋಗುವಳು.

ಬುದ್ಧಿಯವರಿಗೆ ಎದುರು ಮಾತಾಡುವ ಜೀವ ಊರಲ್ಲಿ ಅದೊಂದೇ. ಬುದ್ಧಿ ನಕ್ಕು ಮಜ್ಜಿಗೆ ಕುಡಿಯುತ್ತಿದ್ದರು.

ಆ ದೇವೀರಮ್ಮನಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದರು. ಆಸ್ಪತ್ರೆಗೆ ಹೋಗಿ ಬಂದದ್ದೂ ಆಯಿತು, ಹರಕೆ ಹೊತ್ತದ್ದೂ ಆಯಿತು. ಮಳೆಗಾಲ ಹಿಡಿಯುವಷ್ಟರಲ್ಲಿ ಹೋಗಿಬಿಟ್ಟಳು.

ಗುರುಮಲ್ಲ ಹೋಟೆಲಿಗೆ ಬೀಗ ಜಡಿದು ಮಠಕ್ಕೆ ಬಂದ. ಮಕ್ಕಳಿಲ್ಲ ಮರಿಯಿಲ್ಲ, ಇಲ್ಲೇ ಅಡುಗೆ ಮಾಡಿಕೊಂಡು ಶಿಷ್ಯನಾಗಿ ಬಿದ್ದಿರುತ್ತೇನೆ ಎಂದ. ಬುದ್ಧಿ ಒಪ್ಪಿದರು.

ಹಿಟ್ಟು ತೊಳಸುತ್ತ ಅಳುವನು, ಬಡಿಸುತ್ತ ಅಳುವನು, ಪಾತ್ರೆ ಬೆಳಗುತ್ತ ಅಳುವನು. ಬುದ್ಧಿ ನೋಡುವಷ್ಟು ದಿನ ನೋಡಿದರು. ಕೊನೆಗೆ ಕೂರಿಸಿಕೊಂಡು ಒಂದು ಅಭ್ಯಾಸ ಹೇಳಿಕೊಟ್ಟರು.

ಹಗಲಲ್ಲಿ ಆಗಾಗ ಅಂಗೈ ನೋಡಿಕೋ. ಇದು ಎಚ್ಚರವೋ ಕನಸೋ ಎಂದು ಮನಸ್ಸಿಟ್ಟು ಕೇಳಿಕೋ. ರೂಢಿಯಾದರೆ ಕನಸಿನೊಳಗೂ ಹಾಗೇ ಕೇಳಿಕೊಳ್ಳುತ್ತೀಯ, ಆಗ ಕನಸು ಕನಸೆಂದು ತಿಳಿಯುತ್ತದೆ. ತಿಳಿದ ಮೇಲೆ ಏನನ್ನೂ ಮುಟ್ಟಬೇಡ, ನೋಡುತ್ತಿರು. ಬರುವುದೂ ಹೋಗುವುದೂ ಕಾಣುತ್ತದೆ, ಕಂಡರೆ ದುಃಖ ಹಗುರಾಗುತ್ತದೆ. ಇಷ್ಟು ಅವರ ಉಪದೇಶ.

ಉಪದೇಶದಲ್ಲಿ ತಪ್ಪಿರಲಿಲ್ಲ. ಕೇಳಿಸಿಕೊಂಡವನು ಹೆಂಡತಿಯನ್ನು ಕಳೆದುಕೊಂಡವನು, ಅಷ್ಟೇ.

ಬಹಳ ದಿನ ಏನೂ ಆಗಲಿಲ್ಲ. ಒಂದು ದಿನ ಕನಸಲ್ಲಿ ಗುರುಮಲ್ಲ ಹೋಟೆಲಿನ ಒಲೆಯ ಮುಂದೆ ನಿಂತಿದ್ದ. ರೂಢಿಯಂತೆ ಅಂಗೈ ನೋಡಿಕೊಂಡ. ಒಂದು ಬೆರಳು ಜಾಸ್ತಿ ಇತ್ತು. ಇದು ಕನಸು ಎಂದು ಹೊಳೆಯಿತು.

ಹೊಳೆದದ್ದೇ ತಡ, ಅವನು ನೋಡುತ್ತ ನಿಲ್ಲಲಿಲ್ಲ. ‘ದೇವೀರಿ, ಬಾ’ ಎಂದ. ಅವಳು ಬಾಗಿಲಲ್ಲಿ ಬಂದು ನಿಂತಳು.

ಎದ್ದಾಗ ಅವನ ದಿಂಬು ಒದ್ದೆಯಾಗಿತ್ತು. ಆದರೆ ಅದು ಸಂತೋಷದ ಅಳು. ಅಂದಿನಿಂದ ಅವನು ಹಗಲಲ್ಲಿ ಅಳುವುದು ನಿಂತಿತು.

ನೋಡಿದವರೆಲ್ಲ ಬುದ್ಧಿಯವರ ಮಹಿಮೆ ಎಂದರು. ಬುದ್ಧಿಗೂ ಒಳಗೊಳಗೆ ಸಮಾಧಾನವೇ ಆಗಿತ್ತು.

ಗುರುಮಲ್ಲ ವಿದ್ಯೆಯಲ್ಲಿ ಪಳಗಿದ. ಕನಸು ಮಸುಕಾಗುತ್ತ ಬಂದರೆ ಕನಸಲ್ಲೇ ಎರಡೂ ಅಂಗೈ ಉಜ್ಜಿಕೊಂಡು ಅದನ್ನು ಹಿಡಿದು ನಿಲ್ಲಿಸುವುದು ಕಲಿತ. ಅವಳನ್ನು ಕೂರಿಸುವುದು, ನಗಿಸುವುದು, ಮಾತಾಡಿಸುವುದು ಎಲ್ಲ ಕಲಿತ. ಮಧ್ಯಾಹ್ನ ಉಂಡು ಮಲಗುವನು, ಸಂಜೆ ದೀಪ ಹಚ್ಚಿದ ಕೂಡಲೇ ಮಲಗುವನು. ಸಾರು ತಳ ಹಿಡಿಯಿತು. ಹಸುವಿಗೆ ಹುಲ್ಲು ಹಾಕುವುದು ಮರೆತುಹೋಯಿತು.

ಎಚ್ಚರವಿದ್ದಾಗ ಸಿಡಿಮಿಡಿ. ಭಕ್ತರು ಇನ್ನೊಂದು ಸೌಟು ಸಾರು ಕೇಳಿದರೂ ಅವನಿಗೆ ಸಿಟ್ಟು ಬರುತ್ತಿತ್ತು. ಇವರೇಕೆ ನಾನು ಅಂದುಕೊಂಡ ಹಾಗೆ ಇರುವುದಿಲ್ಲ ಎಂದು ಗೊಣಗುವನು.

ಬುದ್ಧಿ ಇನ್ನೊಂದು ವಿಷಯ ಗಮನಿಸಿದ್ದರು. ಎಲ್ಲರೂ ‘ಕನಸು ಬಿತ್ತು’ ಎನ್ನುತ್ತಾರೆ. ಗುರುಮಲ್ಲನೂ ಮೊದಲು ಹಾಗೇ ಅನ್ನುತ್ತಿದ್ದ. ಈಗ ಅವನು ‘ನಿನ್ನೆ ಒಂದು ಕನಸು ಮಾಡಿದೆ’ ಎನ್ನುತ್ತಿದ್ದ. ಇಡ್ಲಿ ಮಾಡಿದೆ ಎನ್ನುವ ಹಾಗೆ.

ಒಂದು ಬೆಳಿಗ್ಗೆ ಬುದ್ಧಿ ಅಂಬಲಿ ಕುಡಿಯುತ್ತಿದ್ದರು. ಗುರುಮಲ್ಲ ಎದುರು ಕೂತು ಹೆಮ್ಮೆಯಿಂದ ಹೇಳಿದ.

“ಬುದ್ಧಿ, ನೆನ್ನೆ ಅವಳ ಕೈಲಿ ನಿಮಗೆ ಅಡ್ಡಬೀಳಿಸಿದೆ. ಇಷ್ಟು ದಿನ ಎದುರು ಮಾತಾಡಿದ್ದು ತಪ್ಪಾಯ್ತು ಅಂತ ಕೇಳ್ಕೊಂಡ್ಳು.”

ಬುದ್ಧಿ ಬಟ್ಟಲು ಕೆಳಗಿಟ್ಟರು.

“ಯಾರು, ದೇವೀರಮ್ಮನಾ? ನಂಗಾ?”

“ಹೂಂ ಬುದ್ಧಿ. ನನ್ನ ಸಾರೂ ಚೆನ್ನಾಗಿದೆ ಅಂದ್ಳು. ಈಗೀಗ ಹೇಳಿದ ಹಾಗೆ ಕೇಳ್ತಾಳೆ.”

ಅಂಬಲಿಯ ಮೇಲೆ ಕೆನೆ ಕಟ್ಟಿತು. ಆಮೇಲೆ ಬುದ್ಧಿ, ದೇವೀರಮ್ಮ ಹಾಸಿಗೆ ಹಿಡಿಯುವ ಮುಂಚೆ ಒಂದು ದಿನ ಹೊಳೆಯ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ ಒಂದು ಮಾತು ಹೇಳಿದ್ದಳು, ಆಗ ನೀನಿರಲಿಲ್ಲ, ಅದೇನೆಂದು ಅವಳನ್ನೇ ಕೇಳಿಕೊಂಡು ಬಾ ಎಂದರು.

ಇದೇನು ಮಹಾ ಎಂದು ಗುರುಮಲ್ಲ ಒಪ್ಪಿದ.

ಮಾರನೆಯ ಬೆಳಿಗ್ಗೆ ಅಂಬಲಿಯ ಜೊತೆ ಉತ್ತರವನ್ನೂ ತಂದ. “ನಮ್ಮ ಯಜಮಾನರನ್ನ ಶಿಷ್ಯನಾಗಿ ಮಾಡ್ಕೊಂಡು ಉದ್ಧಾರ ಮಾಡಿ ಅಂತ ಬೇಡ್ಕೊಂಡಿದ್ದೆ ಅಂದ್ಳು, ಬುದ್ಧಿ.”

“ಅಲ್ಲ.”

“ಮತ್ತೆ?”

“‘ನಾ ಹೋದ್ಮೇಲೆ ನಮ್ಮೆಜಮಾನ್ರು ಅಳ್ತಾ ಕೂತ್ರೆ ಅಳ್ಲಿ ಬಿಡಿ. ನಿಮ್ಮ ಉಪದೇಶ ಶುರು ಹಚ್ಕೋಬೇಡಿ.’ ಹಂಗಂದಿದ್ಳು.”

ಗುರುಮಲ್ಲ ಕೂತಲ್ಲೇ ಗರಬಡಿದವನಂತಾದ. ಅದು ಅವಳದೇ ಮಾತು. ಅವಳಲ್ಲದೆ ಇನ್ನಾರೂ ಆಡಲಾರದ ಮಾತು. ಇಷ್ಟು ದಿನ ಎದುರಿಗೆ ಕೂರಿಸಿಕೊಂಡು ಮಾತಾಡಿಸಿದರೂ ಈ ದನಿ ಅವನ ಕಿವಿಗೆ ಬಿದ್ದಿರಲಿಲ್ಲ.

“ಆದ್ರೂ ನೀವು ಉಪದೇಶ ಮಾಡಿದ್ರಿ.”

“ಮಾಡಿದೆ. ನಿನ್ನ ಅಳು ನನ್ನ ಕೈಲಿ ನೋಡೋಕಾಗ್ಲಿಲ್ಲ.”

ಬುದ್ಧಿ ಹೇಳಿದ್ದು ಇಷ್ಟೇ. ಇನ್ನು ಮೇಲೆ ಅವಳನ್ನು ಕರೆಯಬೇಡ. ಕನಸೆಂದು ತಿಳಿದರೆ ತಿಳಿಯಲಿ, ಆದರೆ ಕೈ ಹಾಕಬೇಡ. ಬಂದರೆ ಬರಲಿ, ಕೂತರೆ ಕೂರಲಿ, ಎದ್ದು ಹೋದರೆ ಹೋಗಲಿ.

ಗುರುಮಲ್ಲ ಕೇಳಿದ. “ಬರದೇ ಹೋದ್ರೆ?”

“ಬರದೇ ಹೋಗ್ಬಹುದು.”

ಅವನಿಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಮೊದಲ ಸಲ ಅವಳು ಹೋದಾಗ ತಡೆಯುವುದು ತನ್ನ ಕೈಯಲ್ಲಿರಲಿಲ್ಲ, ಈಗ ಕೈಯಲ್ಲಿದ್ದೂ ಬಿಡು ಎನ್ನುತ್ತೀರಲ್ಲ ಎಂದು ಕೂಗಾಡಿದ. ಎದ್ದು ಹೋಗುತ್ತ ಬಾಗಿಲಲ್ಲಿ ತಿರುಗಿ ನಿಂತ.

“ನೀವು ಸನ್ಯಾಸಿಗಳು. ಕಳ್ಕೊಂಡವನ ಸಂಕಟ ನಿಮಗೇನು ಗೊತ್ತು ಬುದ್ಧಿ?”

ಬುದ್ಧಿ ತಲೆ ಎತ್ತಲಿಲ್ಲ. ತಣ್ಣಗಾದ ಅಂಬಲಿಯನ್ನು ಹಾಗೇ ಕುಡಿದರು.

ಆ ಮಧ್ಯಾಹ್ನವೇ ಗುರುಮಲ್ಲ ಹಠದಿಂದ ಮಲಗಿದ. ಕರೆದ. ಅವಳು ಬಂದಳು. ಕೂರು ಎಂದ, ಕೂತಳು. ನಗು ಎಂದ, ನಕ್ಕಳು.

ಆದರೆ ಅವನ ಮನಸ್ಸಿನಲ್ಲಿ ಬುದ್ಧಿ ಹೇಳಿದ ಆ ಹೊಳೆಯ ಮೆಟ್ಟಿಲ ಮಾತು ಕೂತಿತ್ತು. ಆ ದನಿ ಇನ್ನೊಮ್ಮೆ ಕೇಳಬೇಕು ಎನಿಸಿತು. ಅದಕ್ಕಾಗಿ ಜೀವ ಹಾತೊರೆಯಿತು.

“ದೇವೀರಿ, ನನ್ನ ಬೈಯಿ” ಎಂದ.

ಅವಳು ಬೈದಳು. ಸಾರಿಗೆ ಉಪ್ಪಿಲ್ಲ ಎಂದಳು, ಚಟ್ನಿ ನೀರು ಎಂದಳು. ಒಂದೊಂದು ಮಾತೂ ಅವಳ ಬಾಯಿಗೆ ಬರುವ ಮೊದಲೇ ಅವನಿಗೆ ಗೊತ್ತಿತ್ತು. ಅವನು ಮನಸ್ಸಿನಲ್ಲಿ ಅಂದದ್ದನ್ನು ಅವಳು ಬಾಯಲ್ಲಿ ಅನ್ನುತ್ತಿದ್ದಳು. ಸಾಕು ಎಂದುಕೊಂಡ. ಅವಳು ತಟ್ಟನೆ ನಿಲ್ಲಿಸಿದಳು.

ಬದುಕಿದ್ದಾಗ ದೇವೀರಮ್ಮ ಸಾಕೆಂದರೆ ನಿಲ್ಲಿಸಿದ್ದುಂಟೇ?

ಎದುರಿಗೆ ಅವಳ ಮುಖವಿತ್ತು, ಅವಳ ಸೀರೆಯಿತ್ತು, ಒಳಗೆ ಕೂತವನು ತಾನೇ. ಇಷ್ಟು ದಿನವೂ ಆ ಹೋಟೆಲಿನಲ್ಲಿ ಒಬ್ಬನೇ ಇದ್ದೆನಲ್ಲ ಎಂದು ಅವನಿಗೆ ಹೆದರಿಕೆಯಾಯಿತು. ಕೂಗಿಕೊಂಡು ಎದ್ದ.

ಅಂದಿನಿಂದ ಅವನು ಕರೆಯಲಿಲ್ಲ.

ಅವಳೂ ಬರಲಿಲ್ಲ. ಕನಸಲ್ಲಿ ಅಂಗೈ ನೋಡಿಕೊಳ್ಳುವನು, ಕನಸೆಂದು ತಿಳಿಯುವುದು, ಒಂದು ಮಾತು ಅಂದರೆ ಸಾಕು ಅವಳು ಬಾಗಿಲಲ್ಲಿ ಬಂದು ನಿಲ್ಲುವಳು ಎಂದೂ ಗೊತ್ತು. ತುಟಿ ಕಚ್ಚಿಕೊಂಡು ಕೂರುವನು. ಹೋಟೆಲು ಖಾಲಿ, ಬೆಂಚು ಖಾಲಿ. ಹಾಗೇ ಎಚ್ಚರವಾಗುವುದು.

ಹಗಲಲ್ಲಿ ಮತ್ತೆ ಅಳು ಶುರುವಾಯಿತು. ಮೊದಲಿಗಿಂತ ಜಾಸ್ತಿ. ಮಠಕ್ಕೆ ಬಂದವರು ಬುದ್ಧಿಯವರ ಕಡೆ ನೋಡಿದರು, ಏನಾದರೂ ಹೇಳಬಾರದೇ ಎಂಬಂತೆ.

ಬುದ್ಧಿ ಏನೂ ಹೇಳಲಿಲ್ಲ. ಅವರೆಕಾಯಿಯ ಮೊರ ತಂದು ಅವನ ಪಕ್ಕದಲ್ಲಿ ಕೂತರು. ಅವನು ಅಳುತ್ತಿದ್ದ, ಅವರು ಸುಲಿಯುತ್ತಿದ್ದರು. ದಿನಾ ಹೀಗೇ ನಡೆಯಿತು. ಒಮ್ಮೊಮ್ಮೆ ಅವನೂ ಅಳುತ್ತಲೇ ನಾಲ್ಕು ಕಾಯಿ ಸುಲಿಯುವನು. ಆಗಲೂ ಅವರು ಮಾತಾಡಲಿಲ್ಲ. ಪ್ರವಚನ ಮಾಡಿ ರೂಢಿಯಾದ ಬಾಯಿ, ಸುಮ್ಮನಿರುವುದು ಅವರಿಗೂ ಕಷ್ಟವೇ ಆಗಿತ್ತು.

ಗುರುಮಲ್ಲನಿಗೆ ಒಂದೇ ಭಯ. ಇದ್ದ ಒಬ್ಬಳನ್ನೂ ಕೈಯಾರೆ ಕಳೆದುಕೊಂಡೆನೇನೋ ಎಂಬ ಭಯ. ಆ ಭಯವನ್ನು ಅವನು ಬಾಯಿಬಿಟ್ಟೇ ಹೇಳಿದ. ಬುದ್ಧಿ ಅದಕ್ಕೂ ಹೂಂ ಎಂದರು, ಅಷ್ಟೇ.

ಅವರೆ ಕಾಲ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಬುದ್ಧಿ ಕೊನೆಯ ಕಾಯಿಗಳನ್ನು ಮುಂದಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು. ಗುರುಮಲ್ಲ ಹಾಸಿಗೆಯಿಂದ ಎದ್ದವನು ಮುಖ ಕೂಡ ತೊಳೆಯದೆ ಬಂದು ಎದುರಿಗೆ ಕುಸಿದು ಕೂತ.

“ಬುದ್ಧಿ, ಕನಸು ಬಿತ್ತು.”

ಬುದ್ಧಿ ಅವನ ಮುಖ ನೋಡಿದರು.

ಅವನು ಹೇಳಿದ. ಅಂಗೈ ನೋಡಿಕೊಂಡೆ, ಕನಸೆಂದು ಗೊತ್ತಾಯಿತು. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಕರೆಯಲಿಲ್ಲ. ಅವಳು ಹಿತ್ತಲ ಬಾಗಿಲಿಂದ ಬಂದಳು, ನಾನು ಎಂದೂ ನೋಡದ ಒಂದು ಸೀರೆ ಉಟ್ಟಿದ್ದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಪಾತ್ರೆಗಳನ್ನು ದಡದಡ ಸರಿಸಿ ಏನೋ ಹುಡುಕಿದಳು.

“ಏನು ಹುಡುಕ್ತಿದ್ಳು?”

“ಸೌಟು, ಬುದ್ಧಿ. ‘ಎಲ್ಲಿ ಇಡ್ತೀರೋ, ಇಟ್ಟವರಿಗೂ ಗೊತ್ತಿಲ್ಲ, ಸೌಟಿಗೂ ಗೊತ್ತಿಲ್ಲ’ ಅಂತ ಬೈತಾನೇ ಇದ್ಳು. ನಂಗೂ ಗೊತ್ತಿರ್ಲಿಲ್ಲ.”

ಆಗ ನಾನು ಬೇಕೆಂದುಕೊಂಡಿದ್ದರೆ ಸಾಕಿತ್ತು, ಸೌಟು ಅವಳ ಕೈಯಲ್ಲೇ ಇರುತ್ತಿತ್ತು ಎಂದ ಗುರುಮಲ್ಲ. ಸೌಟು ಸಿಕ್ಕಿದ್ದರೆ ಅವಳು ಒಲೆಯ ಮುಂದೆ ಕೂರುತ್ತಿದ್ದಳು. ನಾನು ಅಂದುಕೊಳ್ಳಲಿಲ್ಲ. ಬೆನ್ನ ಹಿಂದೆ ಕೈ ನೋಯುವಷ್ಟು ಬಿಗಿ ಹಿಡಿದುಕೊಂಡೆ.

“ಆಮೇಲೆ?”

“‘ಪಕ್ಕದ ಮನೇಲಿ ಇಸ್ಕೊಂಡು ಬರ್ತೀನಿ’ ಅಂತ ಹೊರಟುಬಿಟ್ಳು.”

ಗುರುಮಲ್ಲ ತಾನು ಬಾಗಿಲಿಗೆ ಹೋಗಿ ನಿಂತದ್ದನ್ನು, ಅವಳು ಬಿರಬಿರನೆ ನಡೆದು ಹೋದದ್ದನ್ನು ಹೇಳಿದ. ಕೂಗಿದ್ದರೆ ತಿರುಗುತ್ತಿದ್ದಳು, ಕೂಗಲಿಲ್ಲ. ಬಹಳ ಹೊತ್ತು ಕಾದೆ. ಬರಲಿಲ್ಲ. ಬೆಳಗಾಯಿತು.

ಹೇಳುತ್ತ ಹೇಳುತ್ತ ಅವನು ನಗುತ್ತಿದ್ದನೋ ಅಳುತ್ತಿದ್ದನೋ ಅವನಿಗೇ ತಿಳಿಯಲಿಲ್ಲ. ಎದೆಯಲ್ಲಿ ನೋವಿತ್ತು. ಆದರೆ ಎಷ್ಟೋ ತಿಂಗಳ ಮೇಲೆ, ಕನಸಿನ ಆ ಹೋಟೆಲಿನಲ್ಲಿ ಅವನು ಒಬ್ಬನೇ ಇರಲಿಲ್ಲ.

ಕಣ್ಣೊರೆಸಿಕೊಂಡು ಕೇಳಿದ.

“ಬುದ್ಧಿ, ಬಂದಿದ್ದೋಳು ಅವಳೇನಾ? ಅಥವಾ ಇದೂ ನನ್ನ ಮನಸ್ಸೇ ಕಟ್ಟಿದ್ದಾ? ನೀವು ಹೇಳಿದ್ರೆ ನಂಬ್ತೀನಿ.”

ಸುಲಿಯುತ್ತಿದ್ದ ಕಾಯಿ ಬುದ್ಧಿಯವರ ಕೈಯಲ್ಲೇ ಉಳಿಯಿತು. ಹೊಳೆಯ ಕಡೆ ನೋಡಿದರು. ಕೇಳಲೋ ಬೇಡವೋ ಎಂದು ಅನುಮಾನಿಸಿದವರಂತೆ, ಮೆಲ್ಲಗೆ ಅವನ ಕಡೆ ಬಾಗಿದರು.

“ನನ್ನ ಏನಾದ್ರೂ ವಿಚಾರಿಸಿದ್ಳಾ, ಆಯಮ್ಮ?”