ಬೂದು ಹುಂಜ ಹೆಣ್ಣು ನೋಡಿದ್ದು

ಬೂದು ಹುಂಜನಿಗೆ ತನ್ನ ಬಣ್ಣದ ಮೇಲೆ ಎಲ್ಲಿಲ್ಲದ ಹೆಮ್ಮೆ. ಊರೆಲ್ಲ ಹೆಣ್ಣು ನೋಡಿ, ಕಪ್ಪು, ಬಿಳಿ ಹೇಂಟೆಗಳನ್ನು ಕಂಡು ಮೂಗು ಮುರಿದು, ಕೊನೆಗೆ ತನ್ನಂಥ ಬೂದು ಹೇಂಟೆಯನ್ನೇ ಮದುವೆಯಾದ. ಅವಳು ಕಾವಿಗೆ ಕೂತ ಇಪ್ಪತ್ತೊಂದನೆಯ ದಿನ ಮೊಟ್ಟೆಯೊಡೆದು ಹೊರಬಂದ ನಾಲ್ಕು ಮರಿಗಳಲ್ಲಿ ಎರಡು ಬೂದು, ಒಂದು ಕಪ್ಪು, ಒಂದು ಬಿಳಿ. ಹುಂಜನ ಜುಟ್ಟು ಇನ್ನಷ್ಟು ಕೆಂಪಾಯಿತು. ಹೆಂಡತಿಯನ್ನು ಗೂಡಿನಾಚೆ ಅಟ್ಟಿ, ತಾಯಿಯ ಬಳಿ ದೂರು ಒಯ್ದ.

"ನಮ್ಮ ವಂಶದಲ್ಲಿ ಈ ಬಣ್ಣಗಳು ಎಲ್ಲಿದ್ದವಮ್ಮಾ?"

ತಾಯಿ ಕೆದಕುವುದನ್ನು ನಿಲ್ಲಿಸಿ, ತನ್ನ ಇದ್ದಿಲುಗಪ್ಪು ರೆಕ್ಕೆ ಬಿಚ್ಚಿ ತೋರಿಸಿದಳು.

"ಇಲ್ಲಿ. ನಿನ್ನಪ್ಪ ಸುಣ್ಣದಂತೆ ಬೆಳ್ಳಗಿದ್ದ. ನಮಗೆ ಹುಟ್ಟಿದ ಹನ್ನೆರಡು ಮರಿಯೂ ನಿನ್ನಂತೆ ಬೂದು. ಹೋಗಿ ಸೊಸೆಯನ್ನು ಒಳಗೆ ಕರೆ. ಬೂದು ಮೊಮ್ಮಕ್ಕಳೇ ಬೇಕಿದ್ದರೆ, ಆ ಕರಿಮರಿಗೆ ಈಗಿನಿಂದಲೇ ಬಿಳಿ ಗಂಡು ನೋಡು."